ಎಣ್ಣೆ ಮಿಲ್ಲಿನಲ್ಲಿ ಟೆಕ್ನೋ ಸಂಜೆ

ನನಗೆ ಸಿಟ್ಟು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಚಳ್ಳಕೆರೆಯಲ್ಲಿ ಯಾರನ್ನು ಕೇಳಿದರೂ ಬೇರೆಯದನ್ನೇ ಹೇಳುತ್ತಾರೆ. ರುದ್ರಮುನಿ ಸಾವ್ಕಾರ್ರಿಗೆ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರೆ. ಶುದ್ಧ ಸುಳ್ಳು. ನನ್ನ ಧ್ವನಿ ದೊಡ್ಡದು, ಅಷ್ಟೆ. ಅರ್ಧ ಆಯುಷ್ಯ ಶೇಂಗಾ ಎಣ್ಣೆ ಮಿಲ್ಲು ನಡೆಸಿದವನ ಧ್ವನಿ ದೊಡ್ಡದಾಗದೆ ಇನ್ನೇನಾಗುತ್ತದೆ? ಇಂಜಿನ್ನು ಧಡಧಡ ಅನ್ನುವಾಗ "ಅಪ್ಪಾ, ಆ ಚೀಲ ಒಂಚೂರು ಈಚೆಗಿಡ್ತೀಯಾ" ಅಂತ ಮೆಲ್ಲಗೆ ಹೇಳಿದರೆ ಯಾರಿಗೆ ಕೇಳುತ್ತದೆ? ಹೊರಗಿನ ಅಗ್ಗದ ಎಣ್ಣೆ ಬಂದ ಮೇಲೆ ನಮ್ಮ ಮಿಲ್ಲು ನಿಂತುಹೋಯಿತು. ಧ್ವನಿ ನಿಲ್ಲಲಿಲ್ಲ. ಇದಕ್ಕೆ ಜನ ಸಿಟ್ಟು ಅಂತ ಹೆಸರಿಟ್ಟರೆ ನನಗೆ ಮೈಯೆಲ್ಲಾ ಉರಿಯುತ್ತದೆ.

ಇಂಥ ಶಾಂತ ಮನುಷ್ಯನಾದ ನನ್ನ ಮೇಲೆ ಮುನಿಸಿಕೊಂಡು ಮೂರು ವರ್ಷದಿಂದ ಮಾತು ಬಿಟ್ಟಿದ್ದವನು ನನ್ನ ಬಾಮೈದ ಕೊಟ್ರೇಶಿ. ನನ್ನ ಹೆಂಡತಿ ಗೌರಮ್ಮನಿಗೆ ಒಬ್ಬನೇ ತಮ್ಮ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟಿದ್ದಾನೆ. ಆಗಿದ್ದು ಇಷ್ಟೇ. ಒಂದು ದಿನ ಅವನ ಅಂಗಡಿಯಲ್ಲಿ ಕೂತಿದ್ದಾಗ ದಾವಣಗೆರೆಯಿಂದ ಮದುವೆ ಸೀರೆಗೆ ಅಂತ ಒಂದು ಸಂಸಾರ ಬಂದಿತ್ತು. ಅವನು ಒಂದು ಹಸಿರು ಸೀರೆ ಬಿಡಿಸಿ, ಅಪ್ಪಟ ರೇಷ್ಮೆ ಅಂದ. ನನಗೆ ಯಾಕೋ ಅನುಮಾನ ಬಂತು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಒಂದು ಎಳೆ ಸುಡೋಣವೆಂದು ಬೆಂಕಿಕಡ್ಡಿ ಗೀರಿದೆ. ಫ್ಯಾನ್ ತಿರುಗುತ್ತಿದ್ದುದು ನನ್ನ ತಪ್ಪೇ? ಸೆರಗಿನಲ್ಲಿ ಅಂಗೈ ಅಗಲ ತೂತಾಯಿತು. ಕೂದಲು ಸುಟ್ಟ ವಾಸನೆ ಮಾತ್ರ ಅಂಗಡಿ ತುಂಬಾ ಘಮ್ಮೆಂದಿತು. ಅಪ್ಪಟ ರೇಷ್ಮೆ!

ದಾವಣಗೆರೆಯವರು ಎದ್ದು ಹೋದರು. ಕೊಟ್ರೇಶಿ ಆ ಸೀರೆಯನ್ನು ಮಡಚಿ ನನ್ನ ಕೈಗಿಟ್ಟು, "ಭಾವ, ಇದನ್ನ ಅಕ್ಕನಿಗೆ ಕೊಡ್ರಿ. ಇನ್ನ ನನ್ನ ಅಂಗಡಿ ಮೆಟ್ಲು ಹತ್ತಬ್ಯಾಡ್ರಿ" ಅಂದ. ನಾನು ಸುಮ್ಮನಿರಬಹುದಿತ್ತು. "ನಿನ್ನ ಮನೆ ಮೆಟ್ಲೂ ಹತ್ತಲ್ಲ, ನನ್ನ ಹೆಂಡ್ತೀನೂ ಹತ್ತಲ್ಲ ಹೋಗಲೇ" ಅಂದೆ. ಸಿಟ್ಟಿನಿಂದಲ್ಲ, ಸ್ಪಷ್ಟವಾಗಿ ಹೇಳಿದೆ. ಆವತ್ತಿನಿಂದ ಗೌರಮ್ಮನಿಗೆ ತವರಿಲ್ಲ. ಅವಳು ನನ್ನನ್ನು ಏನೂ ಅನ್ನಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವ ದಿನ ಮಾತ್ರ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ಅದನ್ನು ನೋಡಿದರೆ ನನಗೆ ಕೊಟ್ರೇಶಿಯ ಮೇಲೆ ಇನ್ನೂ ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಒಂದು ಮಧ್ಯಾಹ್ನ ಫೋನು ಬಂತು. ಎತ್ತಿಕೊಂಡವಳು ಗೌರಮ್ಮ. "ಹೂಂ ತಮ್ಮಾ... ಹೂಂ..." ಅಂದಳು. ಇಟ್ಟ ಮೇಲೆ ಬಹಳ ಹೊತ್ತು ಫೋನಿನ ಮೇಲೆ ಕೈ ಹಾಗೇ ಇತ್ತು.

"ಕೊಟ್ರೇಶಿ ಮಾಡಿದ್ದ" ಅಂದಳು. "ಬೆಂಗ್ಳೂರಾಗೆ ಅದೇನೋ ಟೆಕ್ನೋ ಕ್ಲಬ್ ಅಂತ ನೋಡಿ ಬಂದಾನಂತೆ. ಕತ್ತಲು ಮಾಡಿ, ಬಣ್ಣದ ಲೈಟು ಹಾಕಿ, ಎಲ್ಲಾರೂ ಕುಣಿಯೋದಂತೆ. ಅಲ್ಲಿಂದ್ಲೇ ಲೈಟು, ಹಾಡು ಹಾಕೋನು, ಎಲ್ಲಾ ಗೊತ್ತು ಮಾಡ್ಯಾನೆ. ಒಂದು ಸಂಜೆ ಇಲ್ಲೂ ಮಾಡಿ ನೋಡ್ತಾನಂತೆ."

"ಮೊಳಕಾಲ್ಮೂರಾಗೆ ಮಾಡ್ಲಿ. ನಮಗೇನು?"

"ಅಲ್ಲಿ ದೊಡ್ಡ ಜಾಗ ಎಲ್ಲೈತ್ರಿ? ಯಾವ ಮನೆ ಹೊಕ್ಕರೂ ಗುಂಡಿ ಮಗ್ಗ. ಕತ್ತಲಾಗೆ ಕುಣಿಯಾಕೆ ಹೋದ್ರೆ ಜನ ಗುಂಡಿಗೆ ಬೀಳ್ತಾರೆ. ನಮ್ಮ ಮಿಲ್ಲಿನ ಗೋಡೌನು ಕೇಳ್ತಾ ಅವ್ನೆ."

ಹಾ! ಬಂದನಲ್ಲ ದಾರಿಗೆ! ನಾನು ಮೀಸೆಯ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ಅವಳ ಮುಖ ಕಂಡಿತು. ಕೈ ತೆಗೆದೆ.

"ಮೂರು ವರ್ಷಕ್ಕೆ ಅವನಾಗೇ ಮಾತಾಡ್ಯಾನೆ" ಅಂದಳು ಗೌರಮ್ಮ. "ನಾನು ನಿಮ್ಮನ್ನ ಏನೂ ಕೇಳಿದೋಳಲ್ಲ. ಇದೊಂದು ಕೇಳ್ತೀನಿ. ಆ ಸಂಜೆ ಆರರಿಂದ ಒಂಬತ್ತರ ತನಕ ಬಾಯಿಗೆ ಬೀಗ ಹಾಕ್ಕಂಡಿರ್ರಿ. ಇದೂ ಕೆಟ್ಟರೆ ನಂಗೆ ತವರು ಅನ್ನೋದು ಮುಗಿದಂಗೇ."

ಆರರಿಂದ ಒಂಬತ್ತು. ಯಾಕೆಂದರೆ ಮೊಳಕಾಲ್ಮೂರಿನ ಕಡೆಗೆ ಆಮೇಲೆ ಬಸ್ಸಿಲ್ಲ. ಬೆಂಗಳೂರಿನಲ್ಲಿ ಜನ ಕ್ಲಬ್ಬಿಗೆ ಹೊರಡುವ ಹೊತ್ತಿಗೆ ನಮ್ಮಲ್ಲಿ ಕ್ಲಬ್ಬು ಮುಗಿದು ಮುದ್ದೆ ಉಂಡು ಮಲಗಿರಬೇಕು. "ಇದೇನು ಮಹಾ" ಅಂದೆ. "ನನಗೆ ಸಿಟ್ಟು ಬರೋದೇ ಇಲ್ಲವಲ್ಲ." ಗೌರಮ್ಮ ಒಳಗೆ ಹೋದಳು.

ನಾನು ಬರೀ ಬಾಯಿ ಮುಚ್ಚಿಕೊಂಡು ಇರುವ ಜಾಯಮಾನದವನಲ್ಲ. ಉಪಕಾರ ಮಾಡಿದರೆ ಪೂರ್ತಿ ಮಾಡಬೇಕು. ಗೋಡೌನಿನ ನೆಲದ ಮೇಲೆ ನನ್ನ ಅಪ್ಪನ ಕಾಲದಿಂದ ಎಣ್ಣೆ ಚೆಲ್ಲಿದೆ. ಸಿಮೆಂಟು ಕುಡಿದೂ ಕುಡಿದೂ ಕಂದುಗಟ್ಟಿ ದೋಸೆ ಹೆಂಚಿನಂತಾಗಿದೆ. ಅದರ ಮೇಲೆ ಕುಣಿದರೆ ಮೊದಲ ಹೆಜ್ಜೆ ಗೋಡೌನಿನಲ್ಲಿ, ಎರಡನೆಯದು ಆಸ್ಪತ್ರೆಯಲ್ಲಿ. ತೊಳೆಯಬೇಕು. ತೊಳೆಯಲು ನೀರೆಲ್ಲಿದೆ? ಚಳ್ಳಕೆರೆಯಲ್ಲಿ ವಾರಕ್ಕೊಮ್ಮೆ ನಲ್ಲಿ ಬಂದರೆ ಹಬ್ಬ. ಕುಡಿಯುವ ನೀರನ್ನು ಗೋಡೌನಿಗೆ ಸುರಿದರೆ ಬೀದಿಯವರು ನನ್ನನ್ನೇ ತೊಳೆದುಹಾಕುತ್ತಾರೆ.

ಆಗ ನಾನು ತಲೆ ಓಡಿಸಿದೆ. ತಲೆಯ ಎಣ್ಣೆ ಯಾವುದರಿಂದ ಹೋಗುತ್ತದೆ? ಸೀಗೆಪುಡಿಯಿಂದ. ನೆಲದ ಎಣ್ಣೆಯೂ ಎಣ್ಣೆಯೇ. ಒಣ ಪುಡಿಯನ್ನು ಹರಡಿ, ಎಣ್ಣೆ ಹೀರುವವರೆಗೆ ಬಿಟ್ಟು, ಗುಡಿಸಿ ತೆಗೆದರೆ ಆಯಿತು. ನೀರೇ ಬೇಡ! ಈ ಉಪಾಯ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲವೆಂದು ನನಗೆ ಲೋಕದ ಮೇಲೆ ಸ್ವಲ್ಪ ಸಿಟ್ಟೂ ಬಂತು. ಕುಣಿತದ ದಿನ ಗೌರಮ್ಮ ದೇವಸ್ಥಾನಕ್ಕೆ ಹೋದಾಗ, ವರ್ಷಕ್ಕೆಂದು ಅವಳು ಬೀಸಿಸಿಟ್ಟಿದ್ದ ಸೀಗೆಪುಡಿಯ ಡಬ್ಬಿಯನ್ನು ಎತ್ತಿಕೊಂಡು ಬಂದೆ. ಸಾಲಲಿಲ್ಲ. ಸಂತೆಯಿಂದ ಒಂದು ಚೀಲ ತರಿಸಿದೆ. ಆಳುಗಳನ್ನು ನಂಬಿದರೆ ಕೆಲಸ ಕೆಡುತ್ತದೆಂದು ಎಲ್ಲರನ್ನೂ ಗದರಿಸಿ ಮನೆಗೆ ಕಳಿಸಿ, ಬಗ್ಗಿ ಬಗ್ಗಿ ನಾನೇ ಹರಡಿದೆ. ಪುಡಿಯ ಬಣ್ಣವೂ ನೆಲದ ಬಣ್ಣವೂ ಒಂದೇ ಆಗಿಬಿಟ್ಟಿತು. ಇನ್ನು ಒಂದು ಗಳಿಗೆ ಬಿಟ್ಟು ಗುಡಿಸುವುದು.

ಆ ಗಳಿಗೆಯಲ್ಲಿ ಬಾಷಾ ಬಂದ.

ಬಾಷಾ ಅಂದರೆ ನಮ್ಮೂರಿನ ಮದುವೆಗಳಿಗೆಲ್ಲಾ ಜನರೇಟರ್ ಬಾಡಿಗೆಗೆ ಕೊಡುವವನು. ಸಂಜೆ ಹೊತ್ತು ಕರೆಂಟನ್ನು ನಂಬಿ ನಮ್ಮಲ್ಲಿ ಯಾರೂ ಕುಣಿಯುವುದಿಲ್ಲ, ಅದಕ್ಕೇ ಕೊಟ್ರೇಶಿ ಅವನಿಗೆ ಹೇಳಿದ್ದ. ಅವನು ಆ ಭೂತವನ್ನು ತಂದು ಸೀದಾ ನನ್ನ ಆಫೀಸಿನ ಕಿಟಕಿಯ ಕೆಳಗೆ ನಿಲ್ಲಿಸಿದ. ಆ ಕಡೆ ಇಡು ಅಂದೆ. ವೈರು ಸಾಲಲ್ಲ ಅಂದ. ವೈರು ಸಾಲದಿದ್ದರೆ ಇನ್ನೊಂದು ತಾ ಅಂದೆ.

"ಸಾವ್ಕಾರ್, ಗರಂ ಆಗಬ್ಯಾಡ್ರಿ. ಮದುವೆ ಮನೇಲಿ ಬೀಗರೂ ಇಷ್ಟು ಕೂಗಲ್ಲ."

"ಯಾರಲೇ ಗರಂ ಆಗಿರೋನು? ನಾನು ಗರಂ ಆದ್ರೆ ಹೆಂಗಿರುತ್ತೆ ಗೊತ್ತೇನು?"

ಗೊತ್ತಿಲ್ಲ ಅಂದ. ತೋರಿಸಿದೆ. ಇದರಿಂದ ನಾನು ಮಾತು ತಪ್ಪಿದಂತಾಗಲಿಲ್ಲ, ಕರಾರು ಇದ್ದದ್ದು ಆರು ಗಂಟೆಯ ಮೇಲೆ. ಬಾಷಾ ಜನರೇಟರ್ ಚಾಲೂ ಮಾಡಿಕೊಟ್ಟು, "ನೀವೇ ನೋಡ್ಕಳ್ರಿ, ನಾನು ಹೋಗ್ತೀನಿ" ಅಂದ. "ಹೋಗು, ನಿನ್ನ ಮುಖ ಬೆಳಗ್ಗೆ ತಂಕ ತೋರಿಸಬ್ಯಾಡ" ಅಂದೆ. ಅವನು ಹೋದ. ನಾನು ಗೆದ್ದೆ. ಗೆದ್ದ ಖುಷಿಯಲ್ಲಿ ತಿರುಗಿ ನೋಡುವಷ್ಟರಲ್ಲಿ ಕೊಟ್ರೇಶಿಯ ವ್ಯಾನು ಗೇಟಿನ ಒಳಗೆ ಬಂದಿತ್ತು. ಪೊರಕೆ ಮೂಲೆಯಲ್ಲೇ ಉಳಿಯಿತು.

ಕೊಟ್ರೇಶಿ ಕೆಳಗಿಳಿದು ನನ್ನ ಮುಖ ನೋಡದೆ "ಆರಾಮೇನ್ರಿ ಭಾವ" ಅಂದ. ನಾನೂ ಅವನ ಮುಖ ನೋಡದೆ "ಆರಾಮು" ಅಂದೆ. ಮೂರು ವರ್ಷದ ಮಾತು ಅಷ್ಟಕ್ಕೆ ಮುಗಿಯಿತು. ಗೌರಮ್ಮ ಬಂದಳು. ಉಟ್ಟಿದ್ದು ಅದೇ ಹಸಿರು ಸೀರೆ, ಸುಟ್ಟ ಭಾಗವನ್ನು ಒಳಗೆ ಸಿಕ್ಕಿಸಿಕೊಂಡಿದ್ದಳು. ತಮ್ಮನನ್ನು ಕಂಡು, "ಸೊರಗಿದ್ದೀಯಲ್ಲೋ" ಅಂದಳು. ಅವನು ಕುದುರೆಯಂತೆ ಕೊಬ್ಬಿದ್ದ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಜನ ಬಂದರು. ಐಟಿಐ ಹುಡುಗರು, ಮಂಡಿ ವರ್ತಕರು, ಮೊಳಕಾಲ್ಮೂರಿನ ಸೀರೆಯವರು ಸಂಸಾರ ಸಮೇತ. ಬಂದವರೆಲ್ಲಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕುರ್ಚಿ ಎಳೆದುಕೊಂಡು, ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು ಸಾಲಾಗಿ ಕೂತರು. ಮಂಡಕ್ಕಿ, ಮೆಣಸಿನಕಾಯಿ ಬೋಂಡ ಹಂಚಲಾಯಿತು. ಬೆಂಗಳೂರಿನಿಂದ ಬಂದಿದ್ದ ಹಾಡು ಹಾಕುವವನು, ಕೂದಲಿಗೆ ಗಂಟು ಹಾಕಿ, ಎರಡೂ ಕಿವಿಗೆ ಬಟ್ಟಲಿನಂಥದ್ದನ್ನು ಕಟ್ಟಿಕೊಂಡು ಮೇಜಿನ ಹಿಂದೆ ನಿಂತ. ಲೈಟು ಆರಿತು. ಬಣ್ಣದ ದೀಪ ತಿರುಗಿತು. ಹೊಗೆ ಬಿಡುವ ಮಿಷನ್ನು ಬುಸ್ ಅಂದಿತು. ಆಮೇಲೆ ಶುರುವಾಯಿತು ನೋಡಿ, ಹಾಡು ಅನ್ನಲೋ ಬಡಿತ ಅನ್ನಲೋ, ಧಂ ಧಂ ಧಂ ಧಂ. ಪದವಿಲ್ಲ, ಪಲ್ಲವಿಯಿಲ್ಲ. ತಗಡಿನ ಚಾವಣಿ ಗಡಗಡ ನಡುಗಿತು.

ಯಾರೂ ಏಳಲಿಲ್ಲ. ಎಲ್ಲರೂ ಮಂಡಕ್ಕಿ ತಿನ್ನುತ್ತಾ ಹಾಡು ಹಾಕುವವನನ್ನೇ ನೋಡುತ್ತಾ ಕೂತರು. ಅವನು ಇವರನ್ನು ನೋಡಿದ. ಬಹಳ ಹೊತ್ತು ಹೀಗೇ ನಡೆಯಿತು. ಕಡೆಗೆ ಮಂಡಿ ಈರಣ್ಣ, ನಮ್ಮ ಪೈಕಿ ಹಿರಿಯರು, ನನ್ನ ಕಿವಿಗೆ ಬಾಯಿಟ್ಟು ಕೇಳಿದರು: "ಸಾವ್ಕಾರ್ರೇ, ಹಿಮ್ಮೇಳ ಚೆನ್ನಾಗೈತೆ. ಕುಣಿಯೋರು ಯಾವಾಗ ಬರ್ತಾರೆ?"

"ಕುಣಿಯೋರು ನೀವೇ ಕಣ್ರಿ!" ಅಂತ ಕಿರುಚಿದೆ. ಅವರಿಗೆ ಕೇಳಲಿಲ್ಲ. ನಕ್ಕು ತಲೆಯಾಡಿಸಿದರು.

ಆಗ ನನಗೆ ಜ್ಞಾನೋದಯವಾಯಿತು. ಇಲ್ಲಿ ಏನು ಅಂದರೂ ಯಾರಿಗೂ ಕೇಳುವುದಿಲ್ಲ! ಪರೀಕ್ಷೆ ಮಾಡಿದೆ. ಮುಖದ ತುಂಬಾ ನಗು ಇಟ್ಟುಕೊಂಡು ಹಾಡು ಹಾಕುವವನ ಹತ್ತಿರ ಹೋಗಿ, "ಲೇ ತಲೆಮಾಸಿದೋನೇ, ಕಿವಿ ಮುಚ್ಕಂಡು ಹಾಡು ಹಾಕೋ ಬುದ್ಧಿಗೇಡಿ ಪ್ರಪಂಚದಾಗೆ ನೀನೊಬ್ಬನೇ ಕಣಲೇ" ಅಂದೆ. ಅವನು ಹೆಬ್ಬೆರಳು ಎತ್ತಿ ಥ್ಯಾಂಕ್ಸ್ ಅನ್ನುವಂತೆ ನಕ್ಕ. ನನಗೆ ಆದ ಸಂತೋಷ ಹೇಳತೀರದು. ಈರಣ್ಣನವರಿಗೆ ಅವರ ತಕ್ಕಡಿಯ ಬಗ್ಗೆ ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದನ್ನು ಹೇಳಿದೆ. ಅವರು ಒಂದು ಬೋಂಡ ಕೊಟ್ಟರು. ಗೌರಮ್ಮ ದೂರದಿಂದ ನನ್ನ ನಗುಮುಖ ನೋಡಿ ಕಣ್ಣರಳಿಸಿದಳು. ಮದುವೆಯಾದ ಮೇಲೆ ಅವಳು ನನ್ನನ್ನು ಹಾಗೆ ನೋಡಿದ್ದು ಬಹಳ ಕಡಿಮೆ.

ಆದರೆ ಕೊಟ್ರೇಶಿಯ ಮುಖ ಬಾಡಿಹೋಗಿತ್ತು. ಅಷ್ಟು ಜನ ಬಂದೂ ಕುಣಿಯುವವರು ಒಬ್ಬರಿಲ್ಲ. ಗೌರಮ್ಮ ಬಂದು ನನ್ನ ತೋಳು ಹಿಡಿದು ಮೇಲೆತ್ತಿದಳು. ಅವಳ ಮಾತು ಕೇಳಲಿಲ್ಲ, ಅರ್ಥವಾಯಿತು. ತಮ್ಮನ ಮಾನ ಉಳಿಸಿರಿ.

ನನಗೆ ಕುಣಿಯಲು ಬರುವುದಿಲ್ಲ. ನಡುವೆ ಹೋಗಿ ಕಂಬದಂತೆ ನಿಂತೆ. ಧಂ ಧಂ ಧಂ ಧಂ. ಕಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ಗೊತ್ತಾಯಿತು, ಈ ಬಡಿತ ನನಗೆ ಹೊಸದಲ್ಲ. ಇದು ನನ್ನ ಮಿಲ್ಲಿನ ಇಂಜಿನ್ನು! ಅದೇ ಏಟು, ಅದೇ ಓಟ, ಚಾವಣಿ ನಡುಗುವುದೂ ಅದೇ. ಈ ಗೋಡೌನು ಹೀಗೆ ನಡುಗಿ ಎಷ್ಟು ಕಾಲವಾಗಿತ್ತು! ನಿಜವಾಗಿ ಹೇಳುತ್ತೇನೆ, ಅಳು ಬಂತು. ಆಮೇಲೆ ಕಾಲು ತಾನಾಗಿಯೇ ಎದ್ದಿತು. ಇಂಜಿನ್ನಿನ ಏಟಿಗೆ ಸರಿಯಾಗಿ ಬಲಗಾಲು, ಎಡಗಾಲು, ನೆಲ ಒಡೆಯುವಂತೆ ಕುಟ್ಟತೊಡಗಿದೆ. ಟೆಕ್ನೋ ಕುಣಿತ ಅಂದರೆ ಹೀಗೇ ಇರಬೇಕೆಂದುಕೊಂಡು ಐಟಿಐ ಹುಡುಗರು ಎದ್ದು ನನ್ನಂತೆಯೇ ಕುಟ್ಟಿದರು. ಅವರನ್ನು ನೋಡಿ ಸೀರೆಯವರು. ಅವರನ್ನು ನೋಡಿ ಹೆಂಗಸರು. ಈರಣ್ಣನವರೂ ಪಂಚೆ ಎತ್ತಿ ಕಟ್ಟಿದರು. ಇಡೀ ಗೋಡೌನು ನೆಲ ಕುಟ್ಟುತ್ತಿತ್ತು. ಕೊಟ್ರೇಶಿ ಬಂದು ನನ್ನ ಎದುರು ನಿಂತು ಕುಣಿದ. ಮೂರು ವರ್ಷದ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಅವನು ಸೀನಿದ.

ಆಮೇಲೆ ನಾನು ಸೀನಿದೆ. ಆಮೇಲೆ ಈರಣ್ಣ. ಬೋಂಡದ ಮೆಣಸಿನಕಾಯಿ ಖಾರವಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಕಣ್ಣಿಗೆ ಏನೋ ಹೊಕ್ಕಿತು. ಅಯ್ಯೋ ಶಿವನೇ, ಕೆಂಡ! ಬಣ್ಣದ ಬೆಳಕಿನಲ್ಲಿ ಕಂದು ಬಣ್ಣದ ಮೋಡ ಮೇಲೇಳುತ್ತಿತ್ತು. ಕುಣಿಯುತ್ತಿದ್ದವರೆಲ್ಲಾ ಕಣ್ಣುಜ್ಜಿಕೊಂಡು, ಸೀನುತ್ತಾ, ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಹಾಡು ಹಾಕುವವನಿಗೆ ಇದು ಮೆಚ್ಚುಗೆಯೆಂದು ಕಂಡಿತೋ ಏನೋ, ಸದ್ದು ಇನ್ನಷ್ಟು ಏರಿಸಿದ.

ನನಗೆ ಕಾರಣ ಥಟ್ಟನೆ ಹೊಳೆಯಿತು. ಕೊಟ್ರೇಶಿಯ ಹೊಗೆ ಮಿಷನ್ನು! ಬೆಂಗಳೂರಿನವರು ಅದರಲ್ಲಿ ಎಂಥ ವಿಷ ತುಂಬಿ ಕಳಿಸಿದ್ದಾರೋ! ಕಣ್ಣಿನಲ್ಲಿ ನೀರು ಧಾರಾಕಾರ. ಎದುರಿಗೆ ಬಾಮೈದ. ಹೇಗಿದ್ದರೂ ಯಾರಿಗೂ ಕೇಳುವುದಿಲ್ಲ. ಮೂರು ವರ್ಷದ್ದು, ಮೂರು ಗಂಟೆಯದ್ದು, ಎಲ್ಲಾ ಸೇರಿಸಿ ಹೊಟ್ಟೆಯಿಂದ ಎಳೆದು ಹೊರಗೆ ಹಾಕಿದೆ.

"ಲೇ ಕೊಟ್ರೇಶಿ, ನಿಮ್ಮ ವಂಶದಾಗೇ ಒಬ್ಬನಿಗೂ ಬುದ್ಧಿ ಇಲ್ಲ ಕಣಲೇ! ಇಡೀ ನಿಮ್ಮ ಮನೆಯಾಗೆ ಇದ್ದದ್ದು ಒಂದೇ ಒಂದು ಬಂಗಾರದಂಥ ಜೀವ, ನಮ್ಮ ಗೌರಿ..."

ಇಷ್ಟಾಗುವಾಗ ಹೊರಗೆ ಜನರೇಟರ್ ಎರಡು ಸಲ ಕೆಮ್ಮಿತು. ಡೀಸೆಲ್ ಮುಗಿದಿತ್ತು. ಹಾಕಬೇಕಾಗಿದ್ದ ಬಾಷಾನನ್ನು ನಾನೇ ಓಡಿಸಿದ್ದೆ. ಬೆಳಕು ಹೋಯಿತು, ಧಂ ಧಂ ನಿಂತಿತು. ನಾನು ನಿಲ್ಲಲಿಲ್ಲ. ಓಡುವ ಇಂಜಿನ್ನಿಗೆ ಒಂದೇ ಸಲಕ್ಕೆ ಬ್ರೇಕು ಬೀಳುತ್ತದೆಯೇ? ಆ ನಿಶ್ಶಬ್ದದಲ್ಲಿ, ಆ ಕತ್ತಲಿನಲ್ಲಿ, ಎರಡು ತಾಲ್ಲೂಕಿನ ಜನ ಕೇಳುವಂತೆ ನನ್ನ ಧ್ವನಿಯೊಂದೇ ಮೊಳಗಿತು:

"...ಅದನ್ನ ತಂದು ನಿಮ್ಮಪ್ಪ ನನ್ನಂಥ ಮುಂಗೋಪಿ ಕೊರಳಿಗೆ ಕಟ್ಟಿದ! ಅವನಿಗೂ ಬುದ್ಧಿ ಇರ್ಲಿಲ್ಲ!"

ಮೂಲೆಯಲ್ಲಿ ಯಾರೋ ಸೀನಿದರು. ಗಂಟೆ ಒಂಬತ್ತಾಗಿರಲಿಲ್ಲ. ಮುಗಿಯಿತು, ಗೌರಮ್ಮನ ತವರು ಮುಗಿಯಿತು, ಅದೂ ನನ್ನ ಬಾಯಿಂದಲೇ ಅಂದುಕೊಂಡೆ. ಕೊಟ್ರೇಶಿ ಟಾರ್ಚು ಹಚ್ಚಿದ. ಬೆಳಕಿನಲ್ಲಿ ಗೌರಮ್ಮ ಬಗ್ಗಿ ನೆಲದ ಮೇಲೆ ಬೆರಳಾಡಿಸಿ ಮೂಸಿ ನೋಡುತ್ತಿದ್ದಳು.

"ತಮ್ಮಾ, ಇದು ನಿನ್ನ ಹೊಗೆ ಮಿಷನ್ನಿನ ತಪ್ಪಲ್ಲ" ಅಂದಳು. "ಮೆಂತ್ಯ ಹಾಕಿ ಬೀಸಿಸಿದ ಸೀಗೆಪುಡಿ. ನಮ್ಮ ಮನೇದು."

ಟಾರ್ಚು ನಿಧಾನವಾಗಿ ನನ್ನ ಮುಖದ ಮೇಲೆ ಬಂದು ನಿಂತಿತು.

"ಭಾವ" ಅಂದ ಕೊಟ್ರೇಶಿ, "ನೆಲಕ್ಕೆ ಎಣ್ಣೆ ಸ್ನಾನ ಮಾಡಿಸಿದ್ರೇನ್ರಿ?"

"ಎಣ್ಣೆ ಮೊದಲೇ ಇತ್ತು" ಅಂದೆ. "ನಾನು ಪುಡಿ ಅಷ್ಟೇ ಹಾಕಿದ್ದು."

ಅವನು ನಕ್ಕ. ನಗುತ್ತಾ ಸೀನಿದ, ಸೀನುತ್ತಾ ಅತ್ತ, ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಆವತ್ತು ಸೀರೆ ಸುಟ್ರಿ, ಇವತ್ತು ಕಣ್ಣು" ಅಂದ. ಗೌರಮ್ಮ ಅವನ ಪಕ್ಕ ಕೂತು ಸೆರಗಿನಿಂದ ಅವನ ಕಣ್ಣು ಒರೆಸಹೋದಳು. ಸಿಕ್ಕಿಸಿದ್ದ ಸೆರಗು ಬಿಚ್ಚಿಕೊಂಡು ತೂತು ಟಾರ್ಚಿನ ಬೆಳಕಿಗೆ ಬಂತು.

"ಅಕ್ಕಾ, ಈ ಸೀರೆ ಇನ್ನೂ ಉಡ್ತೀಯಾ?"

"ತವರಿನ ಸೀರೆ ಕಣೋ. ಉಡದೆ ಏನು ಮಾಡ್ಲಿ?"

ಅಕ್ಕ ತಮ್ಮ ಇಬ್ಬರೂ ಗಟ್ಟಿಯಾಗಿ ಅತ್ತರು. ಸೀಗೆಪುಡಿಗೆ ಎಷ್ಟು, ಮೂರು ವರ್ಷಕ್ಕೆ ಎಷ್ಟು, ನನಗೆ ತಿಳಿಯಲಿಲ್ಲ. ಗೋಡೌನಿನಲ್ಲಿ ಎಲ್ಲರ ಕಣ್ಣಲ್ಲೂ ನೀರಿದ್ದುದರಿಂದ ನನ್ನದನ್ನು ಯಾರೂ ಗಮನಿಸಲಿಲ್ಲ.

ಜನ ಚಪ್ಪಲಿ ಹುಡುಕಿಕೊಂಡು ಹೋದರು. ಗೌರಮ್ಮ ಮನೆಗೆ ಹೋಗಿ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಬಂದು ತಮ್ಮನ ವ್ಯಾನು ಹತ್ತಿದಳು. ನಾನು ವ್ಯಾನಿನ ಕಿಟಕಿಯ ಹತ್ತಿರ ಹೋದೆ.

"ಸಿಟ್ಟೇನು?" ಅಂತ ಮೆಲ್ಲಗೆ ಕೇಳಿದೆ. ಮೆಲ್ಲಗೆ ಮಾತಾಡಲು ನನಗೂ ಬರುತ್ತದೆಂದು ಆವತ್ತೇ ಗೊತ್ತಾದದ್ದು.

"ಯಾರಿಗೆ ಸಿಟ್ಟು? ತಮ್ಮ ಕರೆದಾನೆ, ತವರಿಗೆ ಹೋಗ್ತೀನಿ. ಗೌರಿ ಹಬ್ಬ ಮುಗಿಸ್ಕಂಡು ಬರ್ತೀನಿ." ವ್ಯಾನು ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಬಂಗಾರ ಅಂದ್ರಲ್ಲ, ಮದುವೆಯಾಗಿ ಇಷ್ಟು ವರ್ಷಕ್ಕೆ. ಅದನ್ನೂ ಬೈಗುಳದಾಗೇ ಅನ್ನಬೇಕಿತ್ತೇನ್ರಿ?"

"ಸಿಟ್ಟಿನಾಗೆ ಬಾಯಿಗೆ ಬಂತು."

"ಸಿಟ್ಟು ಬರೋದೇ ಇಲ್ಲ ಅಂತಿದ್ರಿ" ಅಂದಳು. ವ್ಯಾನು ಹೋಯಿತು.

ಮಾರನೆಯ ದಿನ ಮೂಗಿಗೆ ಟವೆಲು ಕಟ್ಟಿಕೊಂಡು ಗೋಡೌನನ್ನು ಒಬ್ಬನೇ ಗುಡಿಸಿದೆ. ನೆಲದ ಎಣ್ಣೆ ಒಂದು ಹನಿಯೂ ಹೋಗಿರಲಿಲ್ಲ. ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದ ಮೇಲೆ ಮನೆಯಲ್ಲಿ ಒಂದು ಚಿಟಿಕೆ ಸೀಗೆಪುಡಿ ಇಲ್ಲವೆಂದು ನೆನಪಾಯಿತು. ಎಣ್ಣೆತಲೆಯಲ್ಲೇ ಪೇಟೆಗೆ ಹೋದೆ. ಅಂಗಡಿಯವನು ಪೊಟ್ಟಣ ಕಟ್ಟುತ್ತಾ, "ತಲೆಗೋ, ನೆಲಕ್ಕೋ ಸಾವ್ಕಾರ್ರೇ?" ಅಂದ. ಈಗ ಊರಿನಲ್ಲಿ ನನಗೆ ಸೀಗೆಕಾಯಿ ಸಾವ್ಕಾರ್ ಅಂತ ಹೆಸರು ಬಿದ್ದಿದೆ. ಕರೆದುಕೊಳ್ಳಲಿ. ನನಗೆ ಸಿಟ್ಟು ಬರುವುದಿಲ್ಲ. ಆ ಹೆಸರನ್ನು ಮೊದಲು ಇಟ್ಟವನು ಯಾರೆಂದು ಮಾತ್ರ ವಿಚಾರಿಸುತ್ತಿದ್ದೇನೆ.